ವಾಲ್ಡಾ ಟೈಪ್ ಮಾಡಿದ ನಿರ್ಣಯ

ಸರ್ಕಾರಕ್ಕೆ ಕೊಟ್ಟ ಮಾತನ್ನು ವಾಲ್ಡಾ ಹಾಸ್ಕಿಂಗ್ ಒಂದೇ ಒಂದು ಸಲ ಮುರಿದಳು. ಆಗ ಅವಳಿಗೆ ಎಪ್ಪತ್ತನಾಲ್ಕು ವರ್ಷ. ಮುರಿದದ್ದೂ ಒಂದೇ ದಿನದ ಮಟ್ಟಿಗೆ. ಇನ್ನೊಂದು ಬೆಳಗಾಗುವವರೆಗೆ ಕಾದಿದ್ದರೆ ಆ ಮಾತು ತಾನಾಗಿಯೇ ತೀರಿಹೋಗುತ್ತಿತ್ತು.

ಅವಳು ಹುಟ್ಟಿದ್ದು ಆಸ್ಟ್ರೇಲಿಯಾದ ಒಳನಾಡಿನ ತಲ್ಗಾರದಲ್ಲಿ. ಊರೆಂದರೆ ರೈಲ್ವೆ ವರ್ಕ್‌ಶಾಪು, ವರ್ಕ್‌ಶಾಪೆಂದರೆ ಊರು. ಬೆಳಗ್ಗೆ ಏಳೂವರೆಗೆ ಅದರ ಸಿಳ್ಳು ಕೂಗಿದರೆ ಸಾಕು, ಗಡಿಯಾರ ನೋಡುವ ಗೊಡವೆಯಿಲ್ಲದೆ ಇಡೀ ಬೀದಿಯ ಗಂಡಸರು ಊಟದ ಡಬ್ಬಿ ಹಿಡಿದು ಹೊರಬೀಳುತ್ತಿದ್ದರು. ಅಪ್ಪ ಅಲ್ಲಿ ಫಿಟ್ಟರ್. ಮೂರು ವರ್ಷ ಕಿರಿಯನಾದ ತಮ್ಮ ಕ್ಲೆಮ್ ಹದಿನೈದು ತುಂಬುತ್ತಲೇ ಅಲ್ಲಿನ ಬಾಯ್ಲರ್ ಶೆಡ್ಡು ಸೇರಿದ. ವಾಲ್ಡಾ ಶೀಘ್ರಲಿಪಿ ಕಲಿತು, ಹತ್ತೊಂಬತ್ತಕ್ಕೆ ರಾಜಧಾನಿಗೆ ಹೋಗಿ, ನಾಲ್ಕಾರು ಕಚೇರಿ ಸುತ್ತಿ, ಮೂವತ್ತೊಂದನೆಯ ವಯಸ್ಸಿನಲ್ಲಿ ರಾಜ್ಯ ಸಚಿವ ಸಂಪುಟದ ಕಚೇರಿಯಲ್ಲಿ ಟೈಪಿಸ್ಟ್ ಆದಳು.

ಮೊದಲ ದಿನ ಕಾರ್ಯದರ್ಶಿ ಆರ್ಮಿಟೇಜ್ ಅವಳನ್ನು ನಿಲ್ಲಿಸಿಕೊಂಡೇ ಪ್ರಮಾಣ ಓದಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ನೋಡಮ್ಮಾ, ಇಲ್ಲಿ ಕಿವಿಗೆ ಬಿದ್ದದ್ದು ಬೆರಳಿಂದ ಇಳಿದು ಹೋಗ್ಬೇಕು. ಬಾಯಿಗೆ ಬರಬಾರದು. ಮೂವತ್ತು ವರ್ಷ ಆದ್ಮೇಲೆ ಕಾಗದಾನೇ ಮಾತಾಡತ್ತೆ, ನೀವು ಮಾತಾಡೋದು ಬೇಡ."

ಅವಳು ಅದನ್ನು ಅಕ್ಷರಶಃ ಪಾಲಿಸಿದಳು. ಸಂಜೆ ಹೊರಡುವಾಗ ಕಾರ್ಬನ್ ಹಾಳೆಗಳನ್ನು ಎಣಿಸಿ ಸುಡಲು ಕೊಡುವಳು. ಟೈಪ್‌ರೈಟರಿನ ರಿಬ್ಬನ್ನನ್ನು ಕಳಚಿ ಕಬ್ಬಿಣದ ಬೀರುವಿಗೆ ಹಾಕಿ ಬೀಗ ಜಡಿಯುವಳು. ರಿಬ್ಬನ್ನಿನ ಮೇಲೂ ಅಕ್ಷರ ಉಳಿದಿರುತ್ತದಲ್ಲ. ಯಾವ ಊರಿಗೆ ಆಸ್ಪತ್ರೆ ಬರುತ್ತದೆ, ಯಾವ ಊರಿನ ಶಾಲೆ ಮುಚ್ಚುತ್ತದೆ, ಯಾವ ಕೈದಿಗೆ ಕ್ಷಮೆ ಸಿಗುತ್ತದೆ ಎಂಬುದು ಅವಳಿಗೆ ಪತ್ರಿಕೆಗಿಂತ ಎಷ್ಟೋ ಮೊದಲೇ ಗೊತ್ತಿರುತ್ತಿತ್ತು. ಒಬ್ಬ ಶಾಲಾ ಮೇಷ್ಟ್ರು ಎರಡು ವರ್ಷ ಅವಳೊಡನೆ ಓಡಾಡಿ, ಕೊನೆಗೆ ಬೇಸತ್ತು ಹೇಳಿದ್ದ: "ನಿನ್ನ ಜೊತೆ ಊಟಕ್ಕೆ ಕೂತ್ರೆ ಮುಚ್ಚಿದ ಅಂಗಡಿ ಮುಂದೆ ನಿಂತ ಹಾಗಿರತ್ತೆ ಕಣೇ." ಅವನು ಬೇರೊಬ್ಬಳನ್ನು ಮದುವೆಯಾದ. ವಾಲ್ಡಾ ಮದುವೆಯ ಯೋಚನೆಯನ್ನೇ ಬಿಟ್ಟಳು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಮೇ ಒಂಬತ್ತು, ಮಂಗಳವಾರ. ಆ ಮಧ್ಯಾಹ್ನ ಅವಳ ಮೇಜಿಗೆ ಬಂದ ಟಿಪ್ಪಣಿಯ ತಲೆಬರಹದಲ್ಲಿ ಅವಳ ಊರಿನ ಹೆಸರಿತ್ತು. ತಲ್ಗಾರದ ರೈಲ್ವೆ ವರ್ಕ್‌ಶಾಪನ್ನು ಮುಂದಿನ ವರ್ಷದ ಜೂನ್ ಒಳಗೆ ಮುಚ್ಚುವುದು. ಆ ಕ್ಷೇತ್ರದ ನವೆಂಬರಿನ ಉಪಚುನಾವಣೆ ಮುಗಿಯುವ ತನಕ ಪ್ರಕಟಿಸತಕ್ಕದ್ದಲ್ಲ. ನೌಕರರಿಗೆ ತಿಳಿಸತಕ್ಕದ್ದಲ್ಲ. ಅವಳು ಒಂಬತ್ತು ಪ್ರತಿ ತೆಗೆದು, ವಾಡಿಕೆಯಂತೆ ಕೆಳಗಿನ ಎಡಮೂಲೆಯಲ್ಲಿ ತನ್ನ ಹೆಸರಿನ ಎರಡು ಮೊದಲಕ್ಷರ ಒತ್ತಿ, ಲಕೋಟೆಗೆ ಹಾಕಿ ಅರಗು ಮುದ್ರೆ ಹಾಕಿಸಿದಳು. ಆಮೇಲೆ ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಳು.

ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ರಾಣಿಯ ಹುಟ್ಟುಹಬ್ಬಕ್ಕೆ ಮೂರು ದಿನ ರಜೆ. ಪ್ರತಿವರ್ಷದಂತೆ ವಾಲ್ಡಾ ತಮ್ಮನ ಮನೆಗೆ ಹೋದಳು. ಭಾನುವಾರದ ಊಟವಾದ ಮೇಲೆ ಕ್ಲೆಮ್‌ನ ಹೆಂಡತಿ ಡೋರೀನ್, ಹಾಸಿಗೆ ಹಿಡಿದಿದ್ದ ತನ್ನ ತಾಯಿಗೆ ಸೂಪು ಕೊಡಲು ಪಕ್ಕದ ಬೀದಿಗೆ ಹೋದಳು. ಅಕ್ಕ ಪಾತ್ರೆ ತೊಳೆಯುತ್ತಿದ್ದಳು, ತಮ್ಮ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ. ಅವನ ಅಂಗಿಯ ಜೇಬಿನಲ್ಲಿ ಒಂದು ಕಾಗದವಿತ್ತು. ಉತ್ತರದ ಕಬ್ಬಿಣದ ಅದಿರಿನ ಬಂದರಿನಲ್ಲಿ ಮೇಸ್ತ್ರಿಯ ಕೆಲಸ, ಇರಲು ಮನೆ. ಎರಡು ವಾರದಲ್ಲಿ ಉತ್ತರ ಬರೆಯಬೇಕು.

"ಡೋರೀನ್‌ಗೆ ಇಷ್ಟ ಇಲ್ಲ," ಅಂದ ಕ್ಲೆಮ್. "ಅಮ್ಮನ್ನ ಬಿಟ್ಟು ಹೇಗೆ ಬರಲಿ ಅಂತಾಳೆ. ಇಲ್ಲಿ ವರ್ಕ್‌ಶಾಪ್ ಗಟ್ಟಿಯಾಗಿರತ್ತೆ ಅಂದ್ರೆ ನಂಗೂ ಹೋಗೋ ಮನಸ್ಸಿಲ್ಲ. ಆದ್ರೆ ಜನ ಏನೇನೋ ಮಾತಾಡ್ತಿದಾರೆ. ವಾಲ್, ನೀನು ಅವರ ಪಕ್ಕದಲ್ಲೇ ಕೂತಿರೋಳು."

"ಕ್ಲೆಮ್, ನನ್ನ ಕೇಳಬೇಡ."

"ಕೇಳಲ್ಲ ಮಾರಾಯ್ತಿ. ನೀನು ಬಾಯಿ ಬಿಡೋದೇ ಬೇಡ. ಹೋಗು ಅನ್ನೋದಾದ್ರೆ ಆ ತಟ್ಟೇನ ನನ್ನ ಕೈಗೆ ಕೊಡು. ಇರು ಅನ್ನೋದಾದ್ರೆ ಸ್ಟ್ಯಾಂಡಲ್ಲಿ ಇಡು. ಅಷ್ಟೇ. ಯಾವ ಕೋರ್ಟೂ ನಿನ್ನ ಹಿಡಿಯಲ್ಲ."

ನೊರೆ ಮೆತ್ತಿದ ತಟ್ಟೆ ಅವಳ ಕೈಯಲ್ಲಿತ್ತು. ಸುಮ್ಮನಿರುವುದು ಅವಳಿಗೆ ಅಭ್ಯಾಸವಾಗಿತ್ತು. ಸುಮ್ಮನಿದ್ದರೆ ತಪ್ಪಾಗುವುದಿಲ್ಲ ಎಂದೇ ಹದಿಮೂರು ವರ್ಷ ನಂಬಿದ್ದಳು. ಈಗ ನೋಡಿದರೆ ಸುಮ್ಮನಿರಲು ಜಾಗವೇ ಇರಲಿಲ್ಲ. ಕೈಗೆ ಕೊಟ್ಟರೆ ಒಂದು ಮಾತು, ಸ್ಟ್ಯಾಂಡಿಗೆ ಇಟ್ಟರೆ ಇನ್ನೊಂದು ಮಾತು. ಅವಳು ತಟ್ಟೆಯನ್ನು ಇನ್ನೊಮ್ಮೆ ತೊಳೆದಳು. ಮತ್ತೊಮ್ಮೆ ತೊಳೆದಳು. ಆಮೇಲೆ ದಿನವೂ ಇಡುವಂತೆ ಸ್ಟ್ಯಾಂಡಿನಲ್ಲಿ ಇಟ್ಟಳು.

ಕ್ಲೆಮ್ ಉಸಿರು ಬಿಟ್ಟು ನಕ್ಕ. "ಸದ್ಯ!" ಎಂದು ಅವಳ ಭುಜ ತಟ್ಟಿದ. ಮಾರನೆಯ ದಿನವೇ ಬಂದರಿನವರಿಗೆ ಬರುವುದಿಲ್ಲವೆಂದು ಬರೆದು ಹಾಕಿದ.

ನವೆಂಬರಿನಲ್ಲಿ ಉಪಚುನಾವಣೆಯನ್ನು ಸರ್ಕಾರವೇ ಗೆದ್ದಿತು. ಎಂಟನೆಯ ದಿನ ಸುದ್ದಿ ಬಂತು. ಮುಂದಿನ ಜೂನ್‌ನಲ್ಲಿ ನಾನೂರ ಹನ್ನೆರಡು ಮಂದಿ ಒಂದೇ ಸಂಜೆ ತಮ್ಮ ಡಬ್ಬಿ ಹಿಡಿದು ಗೇಟಿನಿಂದ ಹೊರಬಂದರು; ಸಿಳ್ಳು ಆಮೇಲೆ ಕೂಗಲಿಲ್ಲ. ಬಂದರಿನ ಕೆಲಸ ಅಷ್ಟು ಹೊತ್ತಿಗೆ ಬೇರೆಯವನ ಪಾಲಾಗಿತ್ತು. ಕ್ಲೆಮ್ ಸ್ವಲ್ಪ ದಿನ ಕಸಾಯಿಖಾನೆಯಲ್ಲಿ ದುಡಿದ, ಆಮೇಲೆ ಹೈಸ್ಕೂಲಿನ ನೆಲ ಒರೆಸುವ ಕೆಲಸ ಹಿಡಿದು ಇಪ್ಪತ್ತೊಂದು ವರ್ಷ ಅದನ್ನೇ ಮಾಡಿದ. ಉಕ್ಕಿನ ಹಾಳೆಯನ್ನು ಕಾಗದದಂತೆ ಬಗ್ಗಿಸುತ್ತಿದ್ದ ಕೈ.

ಅಕ್ಕನ ಮೇಲೆ ಅವನಿಗೆ ಒಂದಿಷ್ಟೂ ಸಂಶಯ ಬರಲಿಲ್ಲ. ವಾಲ್ಡಾಳಿಗೆ ನುಂಗಲಾಗದೆ ಹೋದದ್ದು ಇದನ್ನೇ. "ಒಡಹುಟ್ಟಿದವಳು ಅವರ ಕಚೇರೀಲೇ ಕೂತಿದ್ಲು, ಅವಳಿಗೇ ಗೊತ್ತಾಗದ ಹಾಗೆ ಮಾಡಿದ್ರು ನೋಡಿ ಬಡ್ಡೀಮಕ್ಕಳು," ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ. ಪಬ್ಬಿನಲ್ಲಿ ಬ್ಯಾಸಿಲ್ ಕೆನೀಲಿ ಎಂಬ ವೆಲ್ಡರ್ "ನಿನ್ನಕ್ಕ ನಮ್ಮ ಮರಣಪತ್ರ ಟೈಪ್ ಮಾಡಿರ್ತಾಳೆ ಬಿಡೋ" ಎಂದದ್ದಕ್ಕೆ ಅವನ ಮುಂದಿನ ಹಲ್ಲು ಉದುರಿಸಿದ. ಸಿಟ್ಟೆಲ್ಲ ಹರಿದದ್ದು ಡೋರೀನ್ ಮೇಲೆ. ಕುಡಿದಾಗಲೂ ಕುಡಿಯದಾಗಲೂ ಒಂದೇ ಮಾತು: "ನಿಮ್ಮಮ್ಮನ ಸೂಪಿಗೋಸ್ಕರ ನಾನು ಇಲ್ಲಿ ಕೊಳೀತಾ ಇದೀನಿ." ಡೋರೀನ್ ಮರುಮಾತಾಡುತ್ತಿರಲಿಲ್ಲ. ಎರಡು ಸಾವಿರದ ಮೂರರಲ್ಲಿ ಅವಳು ತೀರಿಕೊಂಡಳು. ಅಂತ್ಯಸಂಸ್ಕಾರಕ್ಕೆ ಬಂದಿದ್ದ ವಾಲ್ಡಾ ಚರ್ಚಿನ ಬೆಂಚಿನಿಂದ ಎದ್ದು ನಿಲ್ಲಲಾರದೆ ಕುಳಿತೇ ಇದ್ದಳು. ಮಂಡಿನೋವಿರಬೇಕು ಅಂದುಕೊಂಡರು ಜನ.

ಎರಡು ಸಾವಿರದ ಎಂಟರ ಡಿಸೆಂಬರಿನಲ್ಲಿ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಸುದ್ದಿ ಬಂತು. ಎಪ್ಪತ್ತೆಂಟರ ಸಂಪುಟದ ಕಾಗದಗಳನ್ನು ಹೊಸವರ್ಷದ ದಿನ ಜನರಿಗೆ ತೆರೆಯಲಾಗುವುದು. ಪತ್ರಕರ್ತರಿಗೆ ಅವನ್ನು ಈಗಾಗಲೇ ತೋರಿಸಲಾಗಿದೆ. ವಾಲ್ಡಾ ಆ ಸುದ್ದಿಯನ್ನು ಕತ್ತರಿಸಿ ಬ್ರೆಡ್ಡಿನ ಡಬ್ಬಿಯ ಕೆಳಗಿಟ್ಟಳು. ನಿವೃತ್ತಿಯಾಗಿ ಹದಿನಾಲ್ಕು ವರ್ಷವಾಗಿತ್ತು. ಒಂದನೆಯ ತಾರೀಕಿನ ಬೆಳಗ್ಗೆ ತಲ್ಗಾರದ ಹೆಸರು ಪತ್ರಿಕೆಯಲ್ಲಿ ಬಂದೇ ಬರುತ್ತದೆಂದು ಅವಳಿಗೆ ಗೊತ್ತು. ಆದರೆ ಟೈಪಿಸ್ಟರ ಹೆಸರನ್ನು ಯಾರು ಬರೆಯುತ್ತಾರೆ? ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯದು. ಕ್ಲೆಮ್ ಫೋನು ಮಾಡಿ "ನೋಡಿದ್ಯಾ ವಾಲ್, ಮೇ ತಿಂಗಳಲ್ಲೇ!" ಅನ್ನುತ್ತಾನೆ. ತಾನು "ಹೌದಾ?" ಅನ್ನಬೇಕು. ಆ "ಹೌದಾ" ಎಂಬ ಎರಡಕ್ಷರವನ್ನು ಅವಳು ಅಡುಗೆಮನೆಯಲ್ಲಿ ಒಬ್ಬಳೇ ಹೇಳಿ ನೋಡಿಕೊಂಡಳು. ತನ್ನ ದನಿ ತನಗೇ ಹೇಸಿಗೆಯಾಯಿತು.

ಮೂವತ್ತೊಂದರ ಬೆಳಗಿನ ಬಸ್ಸು ಹತ್ತಿದಳು.

ತಲ್ಗಾರದಲ್ಲಿ ಬಿಸಿಲು ತಾರು ಕರಗಿಸುವಂತಿತ್ತು. ಕ್ಲೆಮ್ ಬನಿಯನ್ನಿನಲ್ಲಿ ಹಿತ್ತಲ ಟೊಮ್ಯಾಟೊ ಗಿಡಗಳಿಗೆ ನೀರು ಬಿಡುತ್ತಿದ್ದ. ಅವಳನ್ನು ಕಂಡು ಪೈಪು ಕೆಳಗೆ ಹಾಕಿದ.

"ಏನೇ ಇದು, ಹೇಳ್ದೆ ಕೇಳ್ದೆ! ಕ್ರಿಸ್ಮಸ್‌ಗೆ ಕರೆದ್ರೆ ಸೆಖೆ ಅಂದೆ, ಈಗ ಬೆಂಕೀಲಿ ಬಂದಿದೀಯ."

"ಕೂತ್ಕೋ ಕ್ಲೆಮ್. ಒಂದು ಮಾತಿದೆ."

"ಯಾರು ಸತ್ರು?"

"ಯಾರೂ ಇಲ್ಲ. ಕೂತ್ಕೋ."

ಹಿಂಬಾಗಿಲ ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು. ವಾಲ್ಡಾ ತಾರೀಕಿನಿಂದ ಶುರುಮಾಡಿ, ನಿರ್ಣಯದ ನಾಲ್ಕು ಸಾಲನ್ನೂ ಬಾಯಿಪಾಠ ಒಪ್ಪಿಸಿದಳು. ಗಿಡದ ಬುಡದಲ್ಲಿ ನೀರು ಹರಿಯುತ್ತಲೇ ಇತ್ತು.

"ಮೇ ತಿಂಗಳಲ್ಲಿ," ಅಂದ ಕ್ಲೆಮ್.

"ಹೂಂ."

"ನೀನು ರಜಕ್ಕೆ ಬಂದಿದ್ದು ಜೂನ್‌ನಲ್ಲಿ."

"ಹೂಂ."

"ಆ ತಟ್ಟೆ?"

"ಗೊತ್ತಿದ್ದೇ ಇಟ್ಟೆ ಕಣೋ. ಪ್ರಮಾಣ ಮಾಡಿದ್ದೆ. ಸುಮ್ನಿರ್ತಾ ಇದೀನಿ ಅಂತ ನನ್ನ ಮನಸ್ಸಿಗೆ ಹೇಳ್ಕೊಂಡೆ. ಸುಮ್ನಿದ್ದಿದ್ದಲ್ಲ ಅದು. ಸುಳ್ಳು ಹೇಳಿದ್ದು."

ಕ್ಲೆಮ್ ಕೂಗಾಡಲಿಲ್ಲ. ಎದ್ದುಹೋಗಿ ನಲ್ಲಿ ನಿಲ್ಲಿಸಿ ಪೈಪನ್ನು ಸುರುಳಿ ಸುತ್ತಿದ. ಬೆನ್ನು ತಿರುಗಿಸಿಕೊಂಡೇ ಮಾತಾಡಿದ. "ಇಪ್ಪತ್ತೈದು ವರ್ಷ ಡೋರೀನ್‌ನ ಬಯ್ದೆ. ಆಸ್ಪತ್ರೇಲಿ ಮಲಗಿದ್ದಾಗ್ಲೂ ಒಂದು ಸಲ ಅಂದ್ಬಿಟ್ಟೆ. ಅದು ಗೊತ್ತಾ ನಿಂಗೆ?"

ಅವಳಿಗೆ ಅದು ಗೊತ್ತಿರಲಿಲ್ಲ.

"ನಾಲ್ಕೂವರೆಗೆ ವಾಪಸ್ ಬಸ್ಸಿದೆ," ಅಂದ. "ಬಿಟ್ಟು ಬರ್ತೀನಿ."

 ಬಸ್‌ನಿಲ್ದಾಣದಲ್ಲಿ ಅವಳ ಚೀಲವನ್ನು ತಾನೇ ಎತ್ತಿ ಒಳಗಿಟ್ಟು, ಡ್ರೈವರಿಗೆ ತಲೆಯಾಡಿಸಿ, ಬಸ್ಸು ಹೊರಡುವ ಮೊದಲೇ ಹೊರಟುಹೋದ.

ಹೊಸವರ್ಷದ ವಾರ ಕಳೆದು ಸೋಮವಾರ ವಾಲ್ಡಾ ಪತ್ರಾಗಾರಕ್ಕೆ ಹೋದಳು. ಓದುವ ಕೋಣೆಯ ಅಧಿಕಾರಿ ಲಿಯೆನ್ ಎಂಬ ಹೆಣ್ಣುಮಗಳು ಚೀಲವನ್ನು ಹೊರಗಿಡಿಸಿ, ಪೆನ್ಸಿಲ್ ಕೊಟ್ಟು, ಬೂದುಬಣ್ಣದ ಪೆಟ್ಟಿಗೆಯನ್ನು ಮೇಜಿಗೆ ತಂದಿಟ್ಟಳು. "ಮೊದಲ್ನೇ ಸಲಾನಾ ಅಜ್ಜಿ? ಹುಷಾರಾಗಿ ತಿರುವಿ, ಹಳೇ ಕಾಗದ," ಎಂದಳು. ವಾಲ್ಡಾ ಹೂಂಗುಟ್ಟಿದಳು. ಆ ಕಾಗದವನ್ನು ಹೊಸದಾಗಿದ್ದಾಗ ಕಂಡವಳು ತಾನು ಎಂದು ಹೇಳಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ತಾರೀಕು. ಮೂವತ್ತು ವರ್ಷ ಒಳಗೊಳಗೇ ಒಂದು ಆಸೆ ಇಟ್ಟುಕೊಂಡಿದ್ದಳು: ತನ್ನ ನೆನಪು ತಪ್ಪಿರಬಹುದು, ಕ್ಲೆಮ್ ಕೇಳಿದ್ದು ಮೊದಲು, ನಿರ್ಣಯವಾದದ್ದು ಆಮೇಲೆ ಇರಬಹುದು. ಮನುಷ್ಯರ ನೆನಪು ತಾನೆ? ಹಾಳೆ ತಿರುವಿದಳು. ಮೇ ಒಂಬತ್ತು ಎಂದೇ ಇತ್ತು. ಎಡಮೂಲೆಯಲ್ಲಿ ಅವಳ ಎರಡಕ್ಷರಗಳೂ ಇದ್ದವು. ಮರೆತೇಹೋಗಿದ್ದ ಒಂದು ಸಾಲೂ ಕಂಡಿತು: ನೌಕರರಿಗೆ ಈಗಲೇ ತಿಳಿಸಬೇಕೆಂದು ಒಬ್ಬ ಸಚಿವರು ಕೇಳಿದರು, ಸಭೆ ಒಪ್ಪಲಿಲ್ಲ. ಆ ಕೋಣೆಯಲ್ಲಿ ಒಬ್ಬನಾದರೂ ಬಾಯಿ ತೆರೆದಿದ್ದ. ಅದನ್ನೂ ತಾನೇ ಟೈಪ್ ಮಾಡಿದ್ದಳು. ಇಡೀ ಕಟ್ಟಿನ ನಕಲು ತೆಗೆಸಿ, ಒಂದಕ್ಷರವನ್ನೂ ಬರೆಯದೆ, ಅಂಚೆಯಲ್ಲಿ ಕ್ಲೆಮ್‌ಗೆ ಕಳಿಸಿದಳು.

ಜನವರಿ ಹೋಯಿತು, ಫೆಬ್ರವರಿ, ಮಾರ್ಚಿ ಹೋದವು. ಈಸ್ಟರ್ ಕಳೆದ ವಾರ ಫೋನು ಬಡಿಯಿತು.

"ವಾಲ್." ಕ್ಲೆಮ್‌ನ ದನಿ ಒರಟಾಗಿತ್ತು, ಮಾತಿನ ನಡುವೆ ಕೆಮ್ಮುತ್ತಿದ್ದ. "ಇದು ಬೇರೆ ವಿಷ್ಯ. ಆ ಕಾಗದದ ಕೊನೇಲಿ ಅನುಬಂಧ ಐದು ಅಂತ ನೀನೇ ಹೊಡೆದಿದೀಯ. ನೀನು ಕಳಿಸಿರೋದು ನಾಲ್ಕು. ಮೂರು ಸಲ ಎಣಿಸಿದೆ."

ವಾಲ್ಡಾ ಕುರ್ಚಿ ಎಳೆದುಕೊಂಡು ಕುಳಿತಳು. ತಾರೀಕಿನ ಚಿಂತೆಯಲ್ಲಿ ಅವಳು ಎಣಿಸಿರಲಿಲ್ಲ. ಕಣ್ಣು ಮುಚ್ಚಿದರೆ, ಇಲಾಖೆಗೆ ಬೇರೆಯಾಗಿ ಹೋದ ಅನುಬಂಧಗಳ ಪಟ್ಟಿ ಕಾಣುತ್ತಿತ್ತು.

"ಐದನೇದು ಡಾಕ್ಟರ ವರದಿ," ಅಂದಳು. "ಬಾಯ್ಲರ್ ಶೆಡ್ಡಿನ ಧೂಳಿನ ಬಗ್ಗೆ. ಪಟ್ಟಿ ಮಾತ್ರ ನಾನು ಹೊಡೆದದ್ದು ಕ್ಲೆಮ್. ವರದೀನ ನಾನು ನೋಡಿಲ್ಲ. ದೇವರಾಣೆ."

 ಬಾಯ್ಲರುಗಳಿಗೆ ಶೆಡ್ಡಿನವರು ಸುತ್ತುತ್ತಿದ್ದದ್ದು ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ ಹೊದಿಕೆ. ಬಿಳಿಧೂಳು ಹಿಮದಂತೆ ಉದುರುವುದು. ಹುಡುಗರಾಗಿದ್ದಾಗ ಅದನ್ನು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಿದ್ದರು. ಶೆಡ್ಡಿನಲ್ಲಿ ಕ್ಲೆಮ್‌ನ ಜೊತೆಗಿದ್ದವರಲ್ಲಿ ಹನ್ನೊಂದು ಮಂದಿ ಉಸಿರು ಕಟ್ಟಿ ಸತ್ತಿದ್ದರು.

"ಅದು ಎಲ್ಲಿರತ್ತೆ?" ಕೇಳಿದ.

"ಇಲಾಖೆ ಕಡತದಲ್ಲಿ ಇರ್ಬೇಕು. ಸಂಪುಟದ ಕಟ್ಟಲ್ಲಿ ಹುಡುಕಿದ್ರೆ ಸಿಗಲ್ಲ. ಹೇಗೆ ಕೇಳ್ಬೇಕು ಅಂತ ನಂಗೊತ್ತು."

"ಹಂಗಾದ್ರೆ ಬಾ," ಅಂದು ಫೋನು ಇಟ್ಟ.

ರೈಲ್ವೆ ನೌಕರರ ಹಳೆಯ ಸಭಾಭವನದಲ್ಲಿ ನಲವತ್ತು ಮಂದಿ ಸೇರಿದ್ದರು. ಮುದುಕರು, ವಿಧವೆಯರು, ದೊಡ್ಡ ಅಲ್ಯೂಮಿನಿಯಂ ಕೆಟಲಿನಲ್ಲಿ ಚಹಾ. ಕ್ಲೆಮ್ ಎದ್ದು ನಿಂತು ಅಕ್ಕನ ಕಡೆ ಕೈ ತೋರಿಸಿದ.

"ಇವಳು ನನ್ನಕ್ಕ. ಆ ನಿರ್ಣಯ ಟೈಪ್ ಮಾಡಿದ್ದು ಇವಳೇ. ಇವಳಿಗೆ ಗೊತ್ತಿತ್ತು. ನಂಗೂ ಹೇಳ್ಲಿಲ್ಲ, ನಿಮಗೂ ಹೇಳ್ಲಿಲ್ಲ. ಬಯ್ಯೋರು ಯಾರಿದೀರೋ ಈಗ್ಲೇ ಬಯ್ದು ಮುಗಿಸಿ. ಆಮೇಲೆ ಕೆಲಸ ಇದೆ."

 ಹಿಂದಿನ ಸಾಲಿನಿಂದ ಬ್ಯಾಸಿಲ್ ಕೆನೀಲಿಯ ದನಿ ಬಂತು: "ಹಂಗಾದ್ರೆ ನನ್ನ ಹಲ್ಲು ವಾಪಸ್ ಕೊಡೋ ಕ್ಲೆಮ್." ಕೆಲವರು ನಕ್ಕರು. ಆದರೆ ಐರಿಸ್ ಟ್ರೆಗೋನಿಂಗ್ ಎಂಬ ಮುದುಕಿ ನಗಲಿಲ್ಲ. "ನನ್ನ ಗಂಡ ಆ ವರ್ಷ ಆಗಸ್ಟಲ್ಲಿ ಇಲ್ಲೇ ಮನೆ ಕಟ್ಟೋಕೆ ತಳಪಾಯ ತೋಡಿದ," ಎಂದು ವಾಲ್ಡಾಳ ಮುಖಕ್ಕೇ ಹೇಳಿ, ಚಹಾದ ಲೋಟವನ್ನು ಅಲ್ಲೇ ಬಿಟ್ಟು ಹೊರಗೆ ಹೋದಳು. ವಾಲ್ಡಾ ತಲೆ ತಗ್ಗಿಸಲಿಲ್ಲ. "ಅವರು ಹೇಳಿದ್ದು ಸರಿ," ಅಂದು ಅರ್ಜಿಯ ನಮೂನೆಗಳನ್ನು ಮೇಜಿನ ಮೇಲೆ ಹರಡಿದಳು.

ವರದಿ ಕೈಗೆ ಬರಲು ಹನ್ನೊಂದು ತಿಂಗಳು ಹಿಡಿಯಿತು. ಮೊದಲು ಇಲ್ಲವೇ ಇಲ್ಲ ಅಂದರು. ವಾಲ್ಡಾ ಅನುಬಂಧದ ಅಂಕಿ ಹಾಕಿ ಮತ್ತೆ ಬರೆದಳು. ಆಮೇಲೆ ಕಳೆದುಹೋಗಿದೆ ಅಂದರು. ಕಡತ ಯಾವ ಇಲಾಖೆಯಿಂದ ಯಾವ ಇಲಾಖೆಗೆ ಹೋಗಿರಬೇಕೆಂದು ಲೆಕ್ಕ ಹಾಕಿ ಮೂರನೆಯ ಸಲ ಬರೆದಳು. ಕೊನೆಗೂ ಬಂತು, ಅಲ್ಲಲ್ಲಿ ಕಪ್ಪು ಬಳಿದ ಒಂಬತ್ತು ಪುಟ. ಆ ಧೂಳು ಕೊಲ್ಲುತ್ತದೆ, ಶೆಡ್ಡಿನ ಪ್ರತಿಯೊಬ್ಬನ ಎದೆಯ ಕ್ಷಕಿರಣ ತೆಗೆಸಬೇಕು ಎಂದು ವೈದ್ಯರು ಎಪ್ಪತ್ತಾರರಲ್ಲೇ ಬರೆದಿದ್ದರು. ಒಬ್ಬನದನ್ನೂ ತೆಗೆಸಿರಲಿಲ್ಲ. ಆ ಒಂಬತ್ತು ಪುಟ ಇದ್ದುದರಿಂದಲೇ ಪರಿಹಾರ ಮಂಡಳಿ ತಲ್ಗಾರದವರ ಅರ್ಜಿಗಳನ್ನು ಒಪ್ಪಿಕೊಂಡಿತು. ಊರಿಗೆ ತಿಂಗಳಿಗೊಮ್ಮೆ ಎದೆಯ ಡಾಕ್ಟರು ಬರತೊಡಗಿದರು.

ರೋಗ ಕಂಡವರ ಮೊದಲ ಪಟ್ಟಿಯಲ್ಲೇ ಕ್ಲೆಮ್‌ನ ಹೆಸರಿತ್ತು. ಎಡ ಶ್ವಾಸಕೋಶದಲ್ಲಿ ನೆರಳು. ವಾಲ್ಡಾ ರಾಜಧಾನಿಯ ಮನೆ ಖಾಲಿ ಮಾಡಿ ಬಂದು ಅವನ ಹಿಂದಿನ ಕೋಣೆಯಲ್ಲಿ ಉಳಿದಳು. ಕ್ಷಮೆಯ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಇನ್ನೂ ನಡೆಯಲು ಆಗುತ್ತಿದ್ದ ಕಾಲದಲ್ಲಿ ಒಂದು ಬೆಳಗ್ಗೆ ಅವಳನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದ. ಡೋರೀನ್‌ಳ ಕಲ್ಲಿನ ಮುಂದೆ ಊರುಗೋಲಿಗೆ ಭಾರ ಬಿಟ್ಟು ನಿಂತ.

"ನಾನು ಹೇಳಬೇಕಾದ್ದನ್ನ ಹೇಳಿದೀನಿ," ಅಂದ. "ಈಗ ನೀನು ಹೇಳು. ಜೋರಾಗಿ ಹೇಳು. ಅವಳಿಗೆ ಕಿವಿ ಮಂದ ಇತ್ತು."

ವಾಲ್ಡಾ ಹೇಳಿದಳು. ಬಿಸಿಲಲ್ಲಿ ನಿಂತು, ಹುಲ್ಲು ಕತ್ತರಿಸುತ್ತಿದ್ದವನು ಯಂತ್ರ ನಿಲ್ಲಿಸಿ ನೋಡುವಷ್ಟು ಜೋರಾಗಿ, ಮೇ ಒಂಬತ್ತರಿಂದ ಮೊದಲ್ಗೊಂಡು ಎಲ್ಲವನ್ನೂ ಹೇಳಿದಳು.  ಮುಗಿಯುವ ತನಕ ಕ್ಲೆಮ್ ಕಾದ. 

ಎರಡು ಚಳಿಗಾಲ ಕಳೆದು ಅವನು ಹೋದ. ಉಸಿರಿಗೆ ಬಹಳ ಒದ್ದಾಡಿದ. ವಾಲ್ಡಾ ಬೆನ್ನಿಗೆ ದಿಂಬು ಕೊಟ್ಟು ಪಕ್ಕದಲ್ಲೇ ಕುಳಿತಿದ್ದಳು. ಆಮೇಲೂ ಅವಳು ತಲ್ಗಾರದಲ್ಲೇ ಉಳಿದಳು. ಬುಧವಾರ, ಶುಕ್ರವಾರ ಸಭಾಭವನದ ಕಿಟಕಿಯ ಬಳಿಯ ಮೇಜಿನಲ್ಲಿ ಕುಳಿತು, ಹಳೆಯ ಕಾಗದ ಕೇಳುವವರಿಗೆ ಅರ್ಜಿ ಬರೆದುಕೊಡುತ್ತಿದ್ದಳು. ಯಾವ ವರ್ಷದ್ದು ತೆರೆದಿದೆ, ಯಾವುದು ಇನ್ನೂ ಮುಚ್ಚಿದೆ, ಇಲ್ಲ ಎಂದು ಉತ್ತರ ಬಂದರೆ ಮುಂದೇನು ಮಾಡಬೇಕು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಬೀದಿಯಲ್ಲಿ ಅವಳನ್ನು ಕಂಡರೆ ಎದುರು ಬದಿಗೆ ದಾಟುವವರು ಕೊನೆಯವರೆಗೂ ಇದ್ದರು.

ಐರಿಸ್ ಟ್ರೆಗೋನಿಂಗ್ ಬಂದದ್ದು ಆ ಸಭೆಯಾದ ಐದನೆಯ ವರ್ಷ, ಮಳೆ ಹಿಡಿದಿದ್ದ ಒಂದು ಶುಕ್ರವಾರ. ಕೊಡೆ ಮಡಚದೆ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು. ವಾಲ್ಡಾಳ ಮುಖ ನೋಡಲಿಲ್ಲ.

"ನನ್ನ ಗಂಡನ ಕಾಗದ ಕೇಳ್ಬೇಕು," ಅಂದಳು. "ಐವತ್ತೊಂಬತ್ತರಿಂದ ಶೆಡ್ಡಲ್ಲಿದ್ದ."

"ಪೂರ್ತಿ ಹೆಸರು ಹೇಳಿ," ಅಂದಳು ವಾಲ್ಡಾ.

ಐರಿಸ್ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ವಾಲ್ಡಾ ಬರೆದುಕೊಂಡು, ಸರಿಯಾಗಿದೆಯೇ ಎಂದು ಹಾಳೆಯನ್ನು ಅವಳ ಕಡೆಗೆ ತಿರುಗಿಸಿದಳು.